ಏರಿದ ಬಾಣ ಇಳಿದು ಬರುವ ವಿದ್ಯೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾಸರಗೋಡಿನವರಾದ ನಮಗೆ ಬೆಡಿಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ತಂದೆಯ ಹೆಗಲೇರಿ ಕುಂಬಳೆಯ ಬೆಡಿಯನ್ನು ನೋಡಿ ಬಂದವರು ಈ ಸಭೆಯಲ್ಲಿ ಅನೇಕರಿದ್ದೀರಿ. ಕತ್ತಲಲ್ಲಿ ಏರಿದ ಬಾಣವು ಹೂವಾಗಿ ಅರಳಿ ಆರಿಹೋದ ಮೇಲೆ ಅದರ ಕೋಲು ಎಲ್ಲಿ ಬಿದ್ದಿತೆಂದು ಯಾರೂ ವಿಚಾರಿಸುವುದಿಲ್ಲ. ನಾವು ಇಂದು ಅರಿಕೆ ಮಾಡತಕ್ಕದ್ದು ಆ ಪ್ರಶ್ನೆಯನ್ನೇ ಎಲ್ಲಕ್ಕಿಂತ ಮೊದಲು ಕೇಳುವ ಇನ್ನೊಂದು ಬಗೆಯ ಬಾಣದ ವಿಷಯವನ್ನು.

ಅಮೇರಿಕದ ಹವ್ಯಾಸಿಗಳು ರಟ್ಟಿನ ಕೊಳವೆ, ತೆಳುಹಲಗೆ, ಅಂಟು, ಬಟ್ಟೆ ಇವುಗಳಿಂದ ಮನೆಯ ಮೇಜಿನ ಮೇಲೆಯೇ ರಾಕೆಟ್ಟುಗಳನ್ನು ಕಟ್ಟುತ್ತಾರೆ. ಮೇಲೇರಿದ್ದು ಕ್ಷೇಮವಾಗಿ ಇಳಿದು, ಮರಳಿ ಹಾರಲು ಯೋಗ್ಯವಾಗಿ ಉಳಿದರೆ ಮಾತ್ರ ಆ ಹಾರಾಟವು ಸಫಲವೆಂದು ಅವರ ಎಣಿಕೆ. ಇವುಗಳಲ್ಲಿ ದೊಡ್ಡವನ್ನು ಹೈ ಪವರ್, ಎಂದರೆ ಅಧಿಕಶಕ್ತಿಯ ರಾಕೆಟ್ಟುಗಳೆಂದು ಕರೆಯುತ್ತಾರೆ.

ದೂರದೇಶದ ಈ ವಿನೋದವನ್ನು ನಮ್ಮ ಮಕ್ಕಳ ಮುಂದೆ ಏಕೆ ಇಡಬೇಕು? ಬೆಂಕಿಕಡ್ಡಿಯ ಮದ್ದನ್ನು ಕೆರೆದು ಕಬ್ಬಿಣದ ಕೊಳವೆಗೆ ತುಂಬುವ ಹುಡುಗನು ಎಲ್ಲ ಊರುಗಳಲ್ಲಿಯೂ, ಎಲ್ಲ ತಲೆಮಾರುಗಳಲ್ಲಿಯೂ ಇರುತ್ತಾನೆ. ಮದ್ದಿನ ಸ್ವಭಾವವೇನೆಂಬುದನ್ನು ನಮ್ಮ ಜಿಲ್ಲೆ ಬಲ್ಲದು: 2024ರ ಅಕ್ಟೋಬರಿನಲ್ಲಿ ನೀಲೇಶ್ವರದ ಕಳಿಯಾಟದ ವೇಳೆ ಸಂಗ್ರಹಿಸಿಟ್ಟಿದ್ದ ಸಿಡಿಮದ್ದು ಹೊತ್ತಿ ನೂರೈವತ್ತಕ್ಕೂ ಮಿಕ್ಕಿ ಜನರು ಗಾಯಗೊಂಡರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಹುಡುಗನಿಗೆ ‘ಬೇಡ’ ಎಂದಷ್ಟೇ ಹೇಳಿದರೆ ಅವನು ಅಡಿಕೆತೋಟದ ಮೂಲೆಗೆ ಹೋಗಿ ಮಾಡುತ್ತಾನೆ. ಬೇಡವೆಂದ ಬಾಯಿಂದಲೇ ‘ಇದನ್ನು ಮಾಡು’ ಎನ್ನಲು ನಮ್ಮಲ್ಲಿ ಏನಾದರೂ ಇರಬೇಕಷ್ಟೆ.

ಅಮೇರಿಕದವರಿಗೆ ಇದೇ ಚಿಂತೆ 1957ರಲ್ಲಿ ಒದಗಿತು. ಆ ವರ್ಷದ ಅಕ್ಟೋಬರ್ 4ರಂದು ರಷ್ಯದವರ ಸ್ಪುಟ್ನಿಕ್ ಮೇಲೇರಿತು. ಒಡನೆಯೇ ಅಲ್ಲಿಯ ಹುಡುಗರಿಗೆ ರಾಕೆಟ್ಟಿನ ಹುಚ್ಚು ಹಿಡಿಯಿತು. ತಾವೇ ಮದ್ದು ಅರೆದು ಕೊಳವೆಗೆ ತುಂಬಲು ಹೋಗಿ ಬೆರಳನ್ನೂ ಕಣ್ಣನ್ನೂ ಕಳೆದುಕೊಂಡವರು ಹಲವರು. ನೆಬ್ರಾಸ್ಕದ ನಾರ್ಫೋಕ್ ಎಂಬ ಊರಿನಲ್ಲಿ ಚಪ್ಪಲಿಯಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ ಎಂಬವರು ಅದಕ್ಕೆ ಮೊದಲೇ ರಟ್ಟಿನ ಮೈಯ, ಮತ್ತೆ ಮತ್ತೆ ಹಾರಿಸಬಲ್ಲ ಪುಟ್ಟ ರಾಕೆಟ್ಟೊಂದನ್ನು ಮಾಡಿದ್ದರು. ರಾಕೆಟ್ಟುಗಳ ಸುರಕ್ಷೆಯನ್ನು ಕುರಿತು ಹ್ಯಾರಿ ಸ್ಟೈನ್ ಎಂಬ ಎಂಜಿನಿಯರರು ಬರೆದ ಲೇಖನವನ್ನು ಓದಿ, ಅವರಿಗೆ ತಮ್ಮ ಮಾದರಿಯನ್ನು ಕಳುಹಿಸಿದರು. ಮದ್ದು ತುಂಬುವ ಕೆಲಸ ಕಾರ್ಖಾನೆಗೆ, ಉಳಿದುದೆಲ್ಲ ಹುಡುಗನಿಗೆ ಎಂಬ ವ್ಯವಸ್ಥೆ ಹೀಗೆ ಹುಟ್ಟಿತು. ಕೊಲೊರಾಡೊ ಪ್ರಾಂತದ ವರ್ನ್ ಎಸ್ಟೆಸ್ ಎಂಬವರು ಆ ಪುಟ್ಟ ಎಂಜಿನುಗಳನ್ನು ಒಂದೇ ತೂಕದಲ್ಲಿ, ಒಂದೇ ಗುಣದಲ್ಲಿ ತಯಾರಿಸುವ ಯಂತ್ರವನ್ನೇ ಕಟ್ಟಿದರು. ಅದಕ್ಕೆ ಮೇಬಲ್ ಎಂದು ಹೆಸರನ್ನೂ ಇಟ್ಟರು.

ಇಲ್ಲಿ ನಮ್ಮ ನಾಡಿನ ಚರಿತ್ರೆಯೊಂದು ನೆನಪಾಗುತ್ತದೆ. ಹೈದರ್, ಟೀಪೂ ಇವರ ಕಾಲದ ಮೈಸೂರು ಬಾಣಗಳ ಹೆಚ್ಚಳವಿದ್ದುದು ಕಬ್ಬಿಣದ ಕೊಳವೆಯಲ್ಲಿ. ಹೆಚ್ಚು ಒತ್ತಡವನ್ನು ತಡೆದುಕೊಳ್ಳುತ್ತಿದ್ದುದರಿಂದ ಅವು ಹೆಚ್ಚು ದೂರ ಹೋಗುತ್ತಿದ್ದುವು. ಇಂಗ್ಲೆಂಡಿನ ಕಾಂಗ್ರೀವನು ತನ್ನ ಬಾಣಗಳಿಗೆ ಇವುಗಳಿಂದಲೇ ಪಾಠ ಕಲಿತನು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಇಂಥವು ಸಾವಿರಕ್ಕೂ ಹೆಚ್ಚು ದೊರೆತುವು. ಯುದ್ಧದಲ್ಲಿ ಗುಣವಾದುದು ಆಟದಲ್ಲಿ ದೋಷ. ಒಡೆದರೆ ಕಬ್ಬಿಣವು ಚೂರಾಗಿ ಹಾರುತ್ತದೆ, ರಟ್ಟು ಹರಿದುಹೋಗುತ್ತದೆ, ಅಷ್ಟೆ. ಆದುದರಿಂದಲೇ ಹವ್ಯಾಸಿಗಳ ನಿಯಮಗಳು ಕಾಗದ, ಮರ, ಪ್ಲಾಸ್ಟಿಕ್, ಗಾಜಿನ ನಾರು ಇಂಥ ಹಗುರ ವಸ್ತುಗಳನ್ನೇ ವಿಧಿಸುತ್ತವೆ.

ಎಂಜಿನುಗಳ ಶಕ್ತಿಯನ್ನು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತಾರೆ. ಒಂದೊಂದು ಅಕ್ಷರಕ್ಕೂ ಶಕ್ತಿಯ ಮೇರೆ ಇಮ್ಮಡಿ. ಅಂಬಲಪ್ಪುಳದ ಅರಸನು ಚದುರಂಗದ ಮನೆಗಳಲ್ಲಿ ಧಾನ್ಯವಿಟ್ಟು ಸೋತ ಕಥೆಯನ್ನು ಕೇಳಿದವರಿಗೆ ಇದರ ಪರಿಣಾಮ ತಿಳಿಯುತ್ತದೆ. ‘ಎ’ ಎಂಜಿನಿನ ಮೇರೆ 2.5 ನ್ಯೂಟನ್-ಸೆಕೆಂಡು, ‘ಜಿ’ಗೆ ಬರುವಾಗ ಅದು 160. ಅಲ್ಲಿಂದ ಮೇಲಣ ‘ಎಚ್’ ಮೊದಲಾದುವು ಅಧಿಕಶಕ್ತಿಯವು. ಇವುಗಳ ಇಂಧನ ಹೆಚ್ಚಾಗಿ ಬೆಡಿಯ ಕರಿಮದ್ದಲ್ಲ. ಅಮೋನಿಯಂ ಪರ್‌ಕ್ಲೋರೇಟನ್ನು ರಬ್ಬರಿನಂಥ ಅಂಟಿನಲ್ಲಿ ಕಲಸಿ ಗಟ್ಟಿಮಾಡಿದ್ದು.

ಬಿಡಿಭಾಗಗಳ ಕಿಟ್ಟನ್ನು ಕೊಂಡು ಜೋಡಿಸುವುದರಲ್ಲಿ ವಿದ್ಯೆಯೇನು ಬಂತು ಎಂದು ಕೆಲವರು ಕೇಳಬಹುದು. 1963ರ ನವೆಂಬರ್ 21ರಂದು ನಮ್ಮ ರಾಜ್ಯದ ತುಂಬಾದಿಂದ ಮೇಲೇರಿದ ಮೊದಲ ರಾಕೆಟ್ಟು ಅಮೇರಿಕದ ನೈಕ್-ಅಪಾಚೆ. ನಮ್ಮವರು ಪರರು ಮಾಡಿದ್ದನ್ನು ಜೋಡಿಸಿ, ಹಾರಿಸಿ ಕಲಿತೇ ಮುಂದೆ ತಮ್ಮದನ್ನು ಕಟ್ಟಿದರು.

ಜೋಡಣೆಯ ಕೆಲಸವಾದರೂ ತಾಳ್ಮೆಯದು. ಮೈಕೊಳವೆಯ ಒಳಗೆ ಎಂಜಿನಿಗೆಂದು ಸಣ್ಣದೊಂದು ಕೊಳವೆಯನ್ನು ಬಳೆಗಳ ನೆರವಿನಿಂದ ನಟ್ಟನಡುವೆ ನಿಲ್ಲಿಸಬೇಕು. ಪ್ಲೈವುಡ್ಡಿನ ರೆಕ್ಕೆಗಳು ಮೈಕೊಳವೆಯ ಸೀಳುಗಳಲ್ಲಿ ಹಾದು ಆ ಒಳಕೊಳವೆಗೇ ಅಂಟಿಕೊಳ್ಳುತ್ತವೆ. ಹೊರಮೈಗಷ್ಟೇ ಅಂಟಿಸಿದ ರೆಕ್ಕೆ ಈ ವೇಗದಲ್ಲಿ ಕಿತ್ತುಹೋದೀತು. ಎಪಾಕ್ಸಿ ಅಂಟನ್ನು ಹಚ್ಚುವ ಮೊದಲು ಉಪ್ಪುಕಾಗದದಿಂದ ಮೈಯನ್ನು ಒರಟು ಮಾಡದಿದ್ದರೆ ಅಂಟು ಹಿಡಿಯುವುದಿಲ್ಲ. ಕೊಳವೆಯ ಪಕ್ಕದಲ್ಲೊಂದು ಸಣ್ಣ ರಂಧ್ರವನ್ನೂ ಕೊರೆಯುತ್ತಾರೆ. ಏಕೆಂದರೆ, ಮೇಲೆ ಹೋದಂತೆ ಹೊರಗಿನ ಗಾಳಿ ತೆಳುವಾಗುತ್ತದೆ; ಒಳಗೆ ಸಿಕ್ಕಿಕೊಂಡ ಗಾಳಿಯು ಮೂತಿಯನ್ನು ಅಕಾಲದಲ್ಲಿ ತಳ್ಳಿಬಿಡಬಹುದು.

ಎಲ್ಲಕ್ಕಿಂತ ಸ್ವಾರಸ್ಯವಾದುದು ಸಮತೋಲದ ಲೆಕ್ಕ. ಬಾಣವನ್ನು ಬೆರಳ ಮೇಲಿಟ್ಟರೆ ಅದು ತೂಗಿ ನಿಲ್ಲುವ ಬಿಂದು ಗುರುತ್ವಕೇಂದ್ರ. ಓರೆಯಾದ ಬಾಣವನ್ನು ಗಾಳಿಯು ಒಟ್ಟಾರೆ ಒತ್ತುವ ಬಿಂದು ಒತ್ತಡಕೇಂದ್ರ. ಮೊದಲನೆಯದು ಎರಡನೆಯದಕ್ಕಿಂತ ಮೂತಿಯ ಕಡೆಗೆ, ಕಡಮೆಯೆಂದರೆ ಕೊಳವೆಯ ಒಂದು ವ್ಯಾಸದಷ್ಟು ಮುಂದಿರಬೇಕು. ಹಾಗಿದ್ದರೆ ಬಾಣ ಓರೆಯಾದಾಗ ಗಾಳಿಯೇ ಅದರ ಬಾಲವನ್ನು ತಳ್ಳಿ ನೇರ ಮಾಡುತ್ತದೆ. ಗಾಳಿಪಟಕ್ಕೆ ಬಾಲ ಕಟ್ಟುವ ನಮ್ಮ ಮಕ್ಕಳು ಇದನ್ನು ಅರಿಯದವರಲ್ಲ. ಎಂಜಿನನ್ನು ಒಳಗಿಟ್ಟೇ ತೂಗಬೇಕು, ಏಕೆಂದರೆ ಅದರ ಭಾರ ಬಾಲದ ಕಡೆಗಿರುತ್ತದೆ. ಸಣ್ಣ ಬಾಣವಾದರೆ ತೂಗುವ ಬಿಂದುವಿಗೆ ದಾರ ಕಟ್ಟಿ ತಲೆಯ ಸುತ್ತ ಬೀಸಿ ನೋಡುತ್ತಾರೆ: ಮೂತಿ ಮುಂದಾಗಿ ಸುತ್ತಿದರೆ ಲೇಸು.

ಹಾರಿಸುವ ದಿನ ತೆರೆದ ಬಯಲು ಬೇಕು. ಗಾಳಿ ಗಂಟೆಗೆ ಇಪ್ಪತ್ತು ಮೈಲು ಮೀರಿದರೆ ಹಾರಿಸಕೂಡದು. ‘ಎಚ್’ ಎಂಜಿನಾದರೂ ಜನರು ನೂರು ಅಡಿ ದೂರವಿರಬೇಕು. ಬತ್ತಿಗೆ ಕಡ್ಡಿ ಗೀರುವುದಿಲ್ಲ. ದೂರದಿಂದ ವಿದ್ಯುತ್ತಿನ ಗುಂಡಿಯನ್ನು ಒತ್ತುತ್ತಾರೆ. ಹೊತ್ತದಿದ್ದರೆ ಸಂಪರ್ಕವನ್ನು ಕಳಚಿ, ಪೂರ್ತಿ ಒಂದು ನಿಮಿಷ ಯಾರೂ ಹತ್ತಿರ ಸುಳಿಯಬಾರದು. ನಮ್ಮ ಮನೆಗಳಲ್ಲಿ ದೀಪಾವಳಿಯಂದು ಈ ಒಂದು ನಿಯಮವನ್ನು ಪಾಲಿಸಿದ್ದರೆ ಎಷ್ಟು ಕಣ್ಣುಗಳು ಉಳಿಯುತ್ತಿದ್ದುವೋ!

ಇಂಧನ ತೀರಿದರೂ ಬಾಣವು ವೇಗದ ಬಲದಿಂದ ಏರುತ್ತಲೇ ಇರುತ್ತದೆ. ಅಷ್ಟು ಹೊತ್ತು ನಿಧಾನವಾಗಿ ಉರಿಯುವ ಮಸಾಲೆಯೊಂದು ಎಂಜಿನಿನಲ್ಲಿದೆ. ಅದು ಮುಗಿದೊಡನೆ ಚಿಟಿಕೆ ಕರಿಮದ್ದು ಹೊತ್ತಿ ಮೂತಿಯನ್ನು ತಳ್ಳುತ್ತದೆ, ಪ್ಯಾರಾಚೂಟು ಬಿಚ್ಚಿಕೊಳ್ಳುತ್ತದೆ. ವೇಗವಿರುವಾಗಲೇ ಬಿಚ್ಚಿದರೆ ಹಗ್ಗವು ಕೊಳವೆಯನ್ನು ಸೀಳುತ್ತದೆ. ಇಳಿಯತೊಡಗಿದ ಮೇಲೆ ತಡವಾಗಿ ಬಿಚ್ಚಿದರೂ ಅದೇ ಗತಿ. ತುತ್ತತುದಿಯಲ್ಲಿ, ಬಾಣ ಬಹುಮಟ್ಟಿಗೆ ನಿಂತಂತಿರುವ ಗಳಿಗೆಯಲ್ಲಿ ಬಿಚ್ಚಬೇಕು. ವರ್ಷವೆಲ್ಲ ಪಟ್ಟ ಶ್ರಮ ಆ ಒಂದೆರಡು ಸೆಕೆಂಡುಗಳಲ್ಲಿ ನಿರ್ಣಯವಾಗುತ್ತದೆ.

ಅಲ್ಲಿಯ ಸಂಸ್ಥೆಗಳು ಕೊಡುವ ಅರ್ಹತಾಪತ್ರವೂ ಇದೇ ಧೋರಣೆಯದು. ಮೊದಲ ಹಂತಕ್ಕೆ ಹದಿನೆಂಟು ತುಂಬಿರಬೇಕು; ತಾನೇ ಕಟ್ಟಿದ ರಾಕೆಟ್ಟನ್ನು ಪರೀಕ್ಷಕರ ಎದುರು ಹಾರಿಸಿ, ಕೆಡದಂತೆ ಇಳಿಸಿ, ತಂದು ತೋರಿಸಬೇಕು. ಎಷ್ಟು ಎತ್ತರ ಹೋಯಿತೆಂದು ಕೇಳುವುದೇ ಇಲ್ಲ.

ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಸ್ಫೋಟಕಗಳನ್ನು ತಯಾರಿಸುವುದು 1884ರ ಕಾಯಿದೆಯ ಮೇರೆಗೆ ಅಪರಾಧ. ಅದು ಹಾಗೆಯೇ ಇರಲಿ. ಕೊಯಿಲಾದ ಗದ್ದೆಯಲ್ಲಿ ನಮ್ಮ ಶಾಲೆಯ ಮಕ್ಕಳು ನೀರಿನ ರಾಕೆಟ್ಟನ್ನು ಹಾರಿಸಬಹುದು. ಸೋಡದಂಥ ಪಾನೀಯದ ಪ್ಲಾಸ್ಟಿಕ್ ಬಾಟಲಿ, ಮೂರನೆಯ ಒಂದು ಪಾಲು ನೀರು, ಕವಾಟವಿರುವ ಬಿರಡೆ, ಸೈಕಲ್ ಪಂಪು, ರಟ್ಟಿನ ರೆಕ್ಕೆಗಳು. ಬೆಂಕಿಯಿಲ್ಲ; ನಿಯಮಗಳೆಲ್ಲ ಅವೇ. ಗಾಜಿನ ಬಾಟಲಿಯನ್ನಾಗಲಿ ಬಿರುಕುಬಿಟ್ಟದ್ದನ್ನಾಗಲಿ ಮುಟ್ಟಬಾರದು; ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಅಧ್ಯಾಪಕರು, ಉದ್ದನೆಯ ರಬ್ಬರ್ ನಳಿಗೆ ಇವು ಬೇಕು. ಒಬ್ಬನು ಮೂವತ್ತು ಮೀಟರು ದೂರ ನಿಂತು, ಕೋನಮಾಪಕಕ್ಕೆ ದಾರ ಕಟ್ಟಿ ಕಲ್ಲು ತೂಗಿಸಿ ನೋಡಲಿ. ತುದಿಯಲ್ಲಿ ನಲವತ್ತೈದು ಡಿಗ್ರಿ ಸಿಕ್ಕಿದರೆ ಎತ್ತರವೂ ಮೂವತ್ತು ಮೀಟರು, ಜೊತೆಗೆ ನೋಡಿದವನ ಕಣ್ಣಿನ ಎತ್ತರ. ಇನ್ನೊಬ್ಬನು ಬಾಟಲಿ ಬಿದ್ದಲ್ಲಿಗೆ ಓಡಿ, ಅದನ್ನು ತಂದು, ಯಾವ ರೆಕ್ಕೆ ಸಡಿಲವಾಯಿತೆಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಅದನ್ನು ಅಂಟಿಸಿ ಒಣಗಿಸಿದ ಮೇಲೆಯೇ ಎರಡನೆಯ ಹಾರಾಟ.