ಹಸುಗೂಸಿನ ಆಹಾರಕ್ಕೂ ಪರೀಕ್ಷೆ



ತಾಯಿಯ ಹಾಲಿನಲ್ಲಿ ಮಗುವಿಗೇ ಜೀರ್ಣವಾಗದ ಕೆಲವು ಸಕ್ಕರೆಗಳುಂಟು. ಅವು ಕರುಳಿನಲ್ಲಿ ನೆಲಸುವ ಉಪಕಾರಿ ಸೂಕ್ಷ್ಮಜೀವಿಗಳ ಆಹಾರ. ಆ ಜೀವಿಗಳು ನೆಲೆಯೂರಿದರೆ ರೋಗಾಣುಗಳಿಗೆ ಎಡೆ ಕಡಿಮೆ. ಆದುದರಿಂದಲೇ ಇಂದು ಡಬ್ಬಿಯ ಹಾಲುಪುಡಿಗೂ ಅಂಥವನ್ನು ಬೆರೆಸುತ್ತಾರೆ. ಆದರೆ ಯೋಚನೆ ಚೆನ್ನಾಗಿದೆಯೆಂದ ಮಾತ್ರಕ್ಕೆ ಕೂಸಿನ ಬಾಯಿಗೆ ಹಾಕಬಹುದೇ?

ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಪರೀಕ್ಷೆಯ ಫಲವು 2017ರಲ್ಲಿ ಪ್ರಕಟವಾಯಿತು. ತಾಯಿಯ ಹಾಲಿನ ಜೊತೆಗೆ ಏಳು ದಿನಗಳ ಕಾಲ ಒಂದು ಗುಂಪಿಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಜೀವಿಯನ್ನೂ ಅದರ ಆಹಾರವಾದ ಸಕ್ಕರೆಯನ್ನೂ ಕೊಟ್ಟರು. ಇನ್ನೊಂದಕ್ಕೆ ಬರಿಯ ಪುಡಿ. ಯಾರಿಗೆ ಯಾವುದೆಂಬುದು ಕೊಡುವವರಿಗೂ ತಿಳಿಯದು, ತಾಯಂದಿರಿಗೂ ತಿಳಿಯದು; ತಿಳಿದಿದ್ದರೆ ಆಸೆಯೇ ಫಲವಾಗಿ ತೋರೀತು. ಎರಡು ತಿಂಗಳೊಳಗೆ ಬರಿಯ ಪುಡಿಯ ಗುಂಪಿನಲ್ಲಿ ನೂರಕ್ಕೆ 9 ಮಕ್ಕಳು ಮೈಗೆ ವ್ಯಾಪಿಸುವ ಸೋಂಕಿಗೆ ಇಲ್ಲವೆ ಮರಣಕ್ಕೆ ಗುರಿಯಾದರು, ಇನ್ನೊಂದರಲ್ಲಿ 5.4.

ಬರಿಯ ಪುಡಿ ಪಡೆದವರಿಗೆ ಅನ್ಯಾಯವಾಗಲಿಲ್ಲವೇ? ಈ ಪ್ರಶ್ನೆ ನಮ್ಮನ್ನೂ ಚುಚ್ಚಿತು. ಫಲವು ಮೊದಲೇ ತಿಳಿದಿದ್ದರೆ ಅನ್ಯಾಯವೇ ಸರಿ, ತಿಳಿದಿರಲಿಲ್ಲ. ಕೇಡೂ ಆಗಬಹುದಿತ್ತು. ಅವಧಿಗೆ ಮುನ್ನ ಹುಟ್ಟಿದ ಕೂಸೊಂದು ಹಾಗೆ ಕೊಟ್ಟ ಜೀವಾಣುವಿನಿಂದಲೇ ಸೋಂಕು ತಗುಲಿ ತೀರಿಕೊಂಡಿತೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2023ರಲ್ಲಿ ವೈದ್ಯರನ್ನು ಎಚ್ಚರಿಸಿತು. ಒಡಿಶಾದಲ್ಲಿ ಆರಿಸಿಕೊಂಡವರೋ, ಎರಡು ಕಿಲೋಗ್ರಾಮಿಗೆ ಕಡಿಮೆಯಿಲ್ಲದ ಕೂಸುಗಳು ಮಾತ್ರ.