ಯಂತ್ರವೂ ಮುಯ್ಯಾಳಾಗಲಿ

(ಕಂಪ್ಯೂಟರ್ ಕಲಿಯುತ್ತಿರುವ ತರುಣರ ಕೂಟದಲ್ಲಿ ಮಾಡಿದ ಭಾಷಣ)

ನಮ್ಮ ರೈತನಿಗೆ ಮುಯ್ಯಾಳೆಂದರೇನೆಂದು ವಿವರಿಸಬೇಕಾಗಿಲ್ಲ. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು ಬರುತ್ತೀರಿ. ಅಲ್ಲಿ ಕೂಲಿಯ ಮಾತಿಲ್ಲ, ದಾನದ ಮಾತೂ ಇಲ್ಲ. ಇದೇ ಪದ್ಧತಿ ಕಂಪ್ಯೂಟರಿನ ಲೋಕದಲ್ಲಿ ಹೇಗೆ ನಡೆಯುತ್ತಿದೆ ಎಂಬುದಕ್ಕೆ ಒಂದು ನಿದರ್ಶನವನ್ನು ತಮ್ಮ ಮುಂದಿಡಲು ಬಯಸುತ್ತೇವೆ.

ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶದ ಹೆಸರನ್ನು ತಮ್ಮಲ್ಲಿ ಹಲವರು ಕೇಳಿರಬಹುದು. ಲಕ್ಷಗಟ್ಟಲೆ ಲೆಕ್ಕ, ದಾಖಲೆಗಳನ್ನು ಕ್ರಮವಾಗಿಟ್ಟು, ಕೇಳಿದೊಡನೆ ತೆಗೆದುಕೊಡುವ ಡೇಟಾಬೇಸ್ ಅದು. 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಅವರು ಆರಂಭಿಸಿದ ಕೆಲಸದಿಂದ ಅದು ಹುಟ್ಟಿತು. ಅದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಣ ತೆರದೆ ಬಳಸಬಹುದು. ಅದಕ್ಕೆ ಒಬ್ಬ ಒಡೆಯನಿಲ್ಲ.

ಒಡೆಯನಿಲ್ಲದ ಸೊತ್ತನ್ನು ಕಾಯುವವರು ಯಾರು? ಇದೇ ಇಂದಿನ ಪ್ರಶ್ನೆ.

ಕೆಲಸಗಾರನೊಬ್ಬ ನಾಲ್ಕು ಸಾಲು ತಿದ್ದುತ್ತಾನೆ. ಅವನ ಮೇಜಿನ ಮೇಲಿನ ಯಂತ್ರದಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತದೆ. ಆದರೆ ಜಗತ್ತಿನ ಯಂತ್ರಗಳೆಲ್ಲ ಒಂದೇ ಬಗೆಯವಲ್ಲ. ಒಂದು ದೊಡ್ಡ ಸಂಖ್ಯೆಯ ಬೈಟುಗಳನ್ನು ಕೆಲವು ಮೊದಲಿನಿಂದ ಜೋಡಿಸಿದರೆ, ಕೆಲವು ಕೊನೆಯಿಂದ ಜೋಡಿಸುತ್ತವೆ. ಲಿನಕ್ಸ್ ಬೇರೆ, ವಿಂಡೋಸ್ ಬೇರೆ. ಭಾಷೆಯ ಭೇದವೂ ಉಂಟು. ದೊಡ್ಡ 'ಐ' ಅಕ್ಷರವನ್ನು ಚಿಕ್ಕದಾಗಿಸಿದರೆ ಇಂಗ್ಲಿಷಿನಲ್ಲಿ ತಲೆಯ ಮೇಲೆ ಚುಕ್ಕಿ ಬರುತ್ತದೆ. ತುರ್ಕಿ ಭಾಷೆಯಲ್ಲಿ ಬರುವುದಿಲ್ಲ. ಇದನ್ನು ಮರೆತು ಬರೆದ ತಂತ್ರಾಂಶ ಇಂಗ್ಲಿಷರ ಯಂತ್ರದಲ್ಲಿ ಓಡಿ, ತುರ್ಕಿಯವರ ಯಂತ್ರದಲ್ಲಿ ಮುಗ್ಗರಿಸುತ್ತದೆ. ಇಷ್ಟು ಬಗೆಯ ಯಂತ್ರಗಳನ್ನು ಒಬ್ಬನೇ ಕೊಂಡಿಟ್ಟುಕೊಳ್ಳುವುದು ಸಾಧ್ಯವೆ?

2004ರಲ್ಲಿ ಆಂಡ್ರೂ ಡನ್‌ಸ್ಟನ್ ಎಂಬವರು ಇದಕ್ಕೊಂದು ದಾರಿ ತೋರಿದರು. ಅದರ ಹೆಸರು ಬಿಲ್ಡ್ ಫಾರ್ಮ್. ತಮ್ಮ ಬಳಿಯಿರುವ ಯಂತ್ರವನ್ನು ಜನ ಸ್ವಂತ ಇಚ್ಛೆಯಿಂದ ಈ ಕೆಲಸಕ್ಕೆ ಬಿಡುತ್ತಾರೆ. ಅದು ಗೊತ್ತುಮಾಡಿದ ಹೊತ್ತಿಗೆ ಕೋಡಿನಲ್ಲಿ ಬದಲಾವಣೆಯಾಗಿದೆಯೆ ಎಂದು ನೋಡುತ್ತದೆ. ಆಗಿದ್ದರೆ ಹೊಸ ಕೋಡನ್ನು ತರಿಸಿಕೊಂಡು, ತಂತ್ರಾಂಶವನ್ನು ಕಟ್ಟಿ, ಪರೀಕ್ಷೆಗಳನ್ನು ನಡೆಸಿ, ಫಲಿತಾಂಶವನ್ನು ಕೇಂದ್ರಕ್ಕೆ ಕಳಿಸುತ್ತದೆ. ಎಲ್ಲಿ ಮುಗ್ಗರಿಸಿತೆಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ತಪ್ಪು ಮಾಡಿದವನು ಎಷ್ಟೇ ಹಿರಿಯನಾಗಿರಲಿ, ಮುಚ್ಚಿಡುವಂತಿಲ್ಲ. ಸೇರಿದ ಪ್ರತಿ ಯಂತ್ರಕ್ಕೂ ಒಂದೊಂದು ಪ್ರಾಣಿಯ ಹೆಸರಿಡುವುದು ಅಲ್ಲಿಯ ರೂಢಿ!

ಇಲ್ಲಿ ದುಬಾರಿ ಯಂತ್ರಕ್ಕೇ ಮರ್ಯಾದೆ ಎಂದು ಭಾವಿಸಬೇಡಿ. ಎರಡು ಕೆಲಸಗಳು ಒಂದರ ಹಿಂದೊಂದು ಮುಗಿಯಬೇಕಾದಲ್ಲಿ, ವೇಗದ ಯಂತ್ರ ತಪ್ಪನ್ನು ಕಾಣಗೊಡದೆ ದಾಟಿಬಿಡಬಹುದು. ನಿಧಾನದ ಯಂತ್ರ ಎಡವಿ ಬಿದ್ದು ಆ ತಪ್ಪನ್ನು ತೋರಿಸುತ್ತದೆ. ಅಲ್ಲಿ ಎಡವುವುದೇ ಸೇವೆ.

ನಾವು ಗೆಳೆಯರೂ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಹೀಗೆ ಬಿಟ್ಟೆವು. ಬಿಟ್ಟು, ಮರೆತೆವು. ಕೆಲ ತಿಂಗಳಲ್ಲಿ ಅದು 'ತಪ್ಪಿದೆ, ತಪ್ಪಿದೆ' ಎಂದು ವರದಿ ಕಳಿಸತೊಡಗಿತು. ದೂರದೇಶದ ಒಬ್ಬರು ತಮ್ಮ ತಿದ್ದುಪಡಿಯೇ ಕೆಟ್ಟಿತೆಂದು ಹುಡುಕಾಡಿ ಬೇಸತ್ತು, ಕೊನೆಗೆ ನಮಗೆ ಬರೆದು ಕೇಳಿದರು: ನಿಮ್ಮ ಡಿಸ್ಕಿನಲ್ಲಿ ಜಾಗವಿದೆಯೆ? ಇರಲಿಲ್ಲ. ನಮ್ಮ ಅಲಕ್ಷ್ಯಕ್ಕೆ ಅವರ ದುಡಿಮೆ ದಂಡವಾಗಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದೆವು. ಯಂತ್ರ ಕೊಟ್ಟರೆ ಸಾಲದು, ಅದರ ಸಾಕ್ಷ್ಯ ಸತ್ಯವಾಗಿರುವಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದೇ ಎಂದು ಅಂದು ಕಲಿತೆವು.

ಆದ್ದರಿಂದ ಎಚ್ಚರಿಕೆಯ ಮಾತು. ಅಂಗಡಿಯ ಲೆಕ್ಕವಿರುವ ಯಂತ್ರವನ್ನು ಇದಕ್ಕೆ ಬಿಡಬೇಡಿ. ಹೊರಗಿನಿಂದ ಬಂದ ಕೋಡು ಅದರಲ್ಲಿ ಓಡುತ್ತದೆ. ಬೇರೆ ಯಂತ್ರವನ್ನೇ ಇಡಿ. ವಾರಕ್ಕೊಮ್ಮೆಯಾದರೂ ಡಿಸ್ಕನ್ನೂ ವರದಿಯನ್ನೂ ನೋಡಿ. ಒಬ್ಬರಿಗೆ ಆಗದಿದ್ದರೆ ಮೂವರು ಕೂಡಿ ನಡೆಸಿ.

ದೊಡ್ಡ ಕಂಪನಿಗಳು ಇದರಿಂದ ಲಾಭ ಮಾಡುವಾಗ ವಿದ್ಯುತ್ತಿನ ಬಿಲ್ಲನ್ನು ನಾವೇಕೆ ತೆರಬೇಕೆಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಂಪನಿಗಳೂ ಕೆಲಸಗಾರರನ್ನಿಟ್ಟು ಇದಕ್ಕೆ ದುಡಿಸುತ್ತಿವೆ, ನಿಜ. ಇನ್ನೂ ಹೆಚ್ಚು ಕೊಡಲೆಂದು ಒತ್ತಾಯಿಸೋಣ. ಆದರೆ ಪರೀಕ್ಷೆಯನ್ನು ಪೂರ್ತಿ ಅವರ ಕೈಗೇ ಬಿಟ್ಟರೆ, ಅವರಿಗೆ ಲಾಭ ತರುವ ಯಂತ್ರಗಳಲ್ಲಿ ಮಾತ್ರ ತಂತ್ರಾಂಶ ಗಟ್ಟಿಯಾಗಿ ಉಳಿದೀತು. ಬಡ ಶಾಲೆಯ ಹಳೆಯ ಕಂಪ್ಯೂಟರಿನ ಪರವಾಗಿ ಸಾಕ್ಷಿ ಹೇಳುವವರು ಯಾರು? ಯಾವ ಭಾಷೆಯ ವ್ಯವಸ್ಥೆಯಲ್ಲಿ ಪರೀಕ್ಷೆ ನಡೆಯಬೇಕೆಂಬುದನ್ನು ಯಂತ್ರವಿಟ್ಟವರೇ ಗೊತ್ತುಮಾಡಬಹುದು. ಆ ಪಟ್ಟಿಗೆ ಕನ್ನಡವನ್ನು ಸೇರಿಸುವ ಕೆಲಸ ಕನ್ನಡಿಗರದಲ್ಲದೆ ಇನ್ನಾರದು?

ಮಿತ್ರರೆ, ಎಲ್ಲರ ಗದ್ದೆಯ ಬೆಳೆಯನ್ನು ನಾವು ಉಣ್ಣುತ್ತಿದ್ದೇವೆ. ಮುಯ್ಯಿ ತೀರಿಸುವ ಸರದಿ ನಮ್ಮದು. ಮೂಲೆಯ ಯಂತ್ರದ ಧೂಳು ಕೊಡವಿರಿ.