ಗುಂಡು ನುಂಗಿದ ಮಣ್ಣು

ಕೋಟೆ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕಲ್ಲಿನ ಗೋಡೆ. ಫಿರಂಗಿಗಳ ಕಾಲ ಬಂದಾಗ ಇಟಲಿಯ ಊರುಗಳನ್ನು ಕಾಯಲು ಆ ಕಲ್ಲು ಸಾಲದಾಯಿತು. ಆಗ ಕೈಹಿಡಿದದ್ದು ಮಣ್ಣು.

1494ರಲ್ಲಿ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸ್ ಆಲ್ಪ್ಸ್ ಪರ್ವತ ದಾಟಿ ಇಟಲಿಯ ಮೇಲೆ ದಂಡೆತ್ತಿ ಬಂದ. ಅವನ ಕಂಚಿನ ಫಿರಂಗಿಗಳು ಗಾಲಿಗಳ ಮೇಲೆ ದಂಡಿನ ಜೊತೆಗೇ ಸಾಗುತ್ತಿದ್ದವು, ಕಬ್ಬಿಣದ ಗುಂಡು ಹಾರಿಸುತ್ತಿದ್ದವು. ಏಣಿ ಹಾಕಿ ಹತ್ತುವವರನ್ನು ತಡೆಯಲೆಂದು ಎತ್ತರಕ್ಕೆ ಕಟ್ಟಿದ್ದ ಹಳೆಯ ಗೋಡೆಗಳು ಈಗ ಅವುಗಳಿಗೆ ಸುಲಭದ ಗುರಿಯಾದವು. ಒಂದೇ ಕಡೆ ಮತ್ತೆ ಮತ್ತೆ ಪೆಟ್ಟು ಬಿದ್ದರೆ ಎಂಥ ಕಲ್ಲುಗೋಡೆಯೂ ಬಿರುಕು ಬಿಟ್ಟು ಕುಸಿಯುತ್ತದೆ. ಕುಸಿದ ಕಲ್ಲು ಕಂದಕವನ್ನು ತುಂಬಿ, ಶತ್ರುವಿಗೆ ದಾರಿ ಮಾಡಿಕೊಡುತ್ತದೆ.

1500ರಲ್ಲಿ ಪೀಸಾ ಊರಿನವರು ಇದಕ್ಕೊಂದು ಉಪಾಯ ಕಂಡುಕೊಂಡರು. ಫ್ಲಾರೆನ್ಸಿನ ಪರವಾಗಿ ಬಂದ ಫ್ರೆಂಚ್ ಸೈನ್ಯ ಅವರ ಗೋಡೆಯನ್ನು ಒಡೆದದ್ದೇನೋ ನಿಜ. ಆದರೆ ಒಳನುಗ್ಗಲು ಬಂದವರಿಗೆ ಎದುರಾದದ್ದು ಇನ್ನೊಂದು ಕಂದಕ, ಅದರಾಚೆ ಮಣ್ಣಿನ ಏರಿ. ಊರಿನ ಗಂಡಸರು, ಹೆಂಗಸರು ಸೇರಿ ಅಗೆದು ಒಟ್ಟಿದ ಏರಿ ಅದು. ಫ್ರೆಂಚರು ಅದನ್ನು ದಾಟಲಾರದೆ ಮುತ್ತಿಗೆ ತೆಗೆದರು.

ಮಣ್ಣಿನ ಬಲ ಅದರ ಮೆದುತನದಲ್ಲಿದೆ. ಬಡಿದ ಗುಂಡು ಒಳಗೇ ಹೂತುಹೋಗುತ್ತದೆ. ಬಿದ್ದ ಗುಳಿಯನ್ನು ರಾತ್ರಿ ಒಂದಷ್ಟು ಬುಟ್ಟಿ ಮಣ್ಣು ಸುರಿದು ಮುಚ್ಚಬಹುದು. ಕಂದಕ ತೋಡಿದ ಮಣ್ಣೇ ಏರಿಗೂ ಆಗುತ್ತದೆ. ಕಲ್ಲುಕುಟಿಗರಿಗೆ ಕೊಡಲು ಹಣವಿಲ್ಲದ ಊರಿನಲ್ಲೂ ಗುದ್ದಲಿ ಹಿಡಿಯುವ ಕೈಗಳಿರುತ್ತವೆ.

1529ರಲ್ಲಿ ಫ್ಲಾರೆನ್ಸ್ ನಗರಕ್ಕೇ ಮುತ್ತಿಗೆಯ ಭಯ ಎದುರಾದಾಗ, ಕೋಟೆ ಕೆಲಸದ ಹೊಣೆ ಹೊತ್ತವರು ಮಹಾಶಿಲ್ಪಿ ಮೈಕೆಲೆಂಜೆಲೊ. ಅಮೃತಶಿಲೆಯಲ್ಲಿ ಡೇವಿಡ್‌ನನ್ನು ಕಡೆದ ಅವರು ಸ್ಯಾನ್ ಮಿನಿಯಾಟೊ ಗುಡ್ಡದ ಮೇಲೆ ಮಣ್ಣಿಗೆ ನಾರು, ಸಗಣಿ ಬೆರೆಸಿದ ಹಸಿ ಇಟ್ಟಿಗೆ ಬಳಸಿದರು. ಹುಲ್ಲು ಸೇರಿಸಿ ಮಣ್ಣು ತುಳಿದು ಗೋಡೆ ಇಟ್ಟ ನಮ್ಮ ಹಳ್ಳಿಯ ಹಿರಿಯರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ.

ಮಣ್ಣಿಗೆ ಮಳೆಯೇ ಶತ್ರು. ಹಾಗಾಗಿ ಏರಿಗಳಿಗೆ ಹುಲ್ಲುಹೆಪ್ಪೆ ಹೊದಿಸಿದರು, ಹಣವಿದ್ದ ಕಡೆ ಹೊರಮೈಗೆ ಇಟ್ಟಿಗೆ ಕಟ್ಟಿದರು. ಆಕಾರವೂ ಬದಲಾಯಿತು. ದುಂಡು ಬುರುಜಿನ ಬುಡದಲ್ಲಿ ಶತ್ರು ಅವಿತುಕೊಳ್ಳಬಹುದಿತ್ತು. ಚೂಪು ಮೂಲೆಯ ಕೊತ್ತಲಗಳು ಬಂದ ಮೇಲೆ ಒಂದರ ಬುಡವನ್ನು ಪಕ್ಕದ್ದು ಕಾಯತೊಡಗಿತು. ಹೀಗೆ ಕೋಟೆ ನಕ್ಷತ್ರದ ರೂಪ ತಳೆಯಿತು. ಟಿಪ್ಪುವಿನ ಕಾಲದಲ್ಲಿ ಸಕಲೇಶಪುರದ ಬಳಿ ಕಟ್ಟಿದ ಮಂಜರಾಬಾದ್ ಕೋಟೆಯ ಎಂಟು ಮೂಲೆಗಳಲ್ಲಿ ನಾವು ಕಾಣುವುದೂ ಇದೇ ರೂಪ.

ಪೀಸಾದ ಹತ್ತಿರವೇ ಲುಕ್ಕಾ ಎಂಬ ಊರಿದೆ. ಅದರ ಸುತ್ತ ನಾಲ್ಕು ಕಿಲೋಮೀಟರಿಗೂ ಉದ್ದನೆಯ, ಒಳಗೆ ಮಣ್ಣು ತುಂಬಿ ಹೊರಗೆ ಇಟ್ಟಿಗೆ ಕಟ್ಟಿದ ಏರಿ ಇಂದಿಗೂ ಇಡಿಯಾಗಿ ಉಳಿದಿದೆ. ಅದು ಮುಗಿದದ್ದು ಹದಿನೇಳನೆಯ ಶತಮಾನದಲ್ಲಿ. ಆಮೇಲೆ ಅದಕ್ಕೆ ಮುತ್ತಿಗೆಯ ಪರೀಕ್ಷೆ ಬರಲೇ ಇಲ್ಲ. 1812ರಲ್ಲಿ ಸೆರ್ಕಿಯೊ ನದಿ ಉಕ್ಕಿ ಬಂದಾಗ ಊರವರು ಬಾಗಿಲುಗಳನ್ನು ಭದ್ರಪಡಿಸಿದರು, ಏರಿ ಪ್ರವಾಹವನ್ನು ಹೊರಗೇ ತಡೆಯಿತು. ಈಗ ಅದರ ಮೇಲೆ ಸಾಲುಮರಗಳಿವೆ. ಸಂಜೆಯಾದರೆ ನಮ್ಮೂರಿನ ಕೆರೆ ಏರಿಯ ಮೇಲೆ ಹೇಗೋ ಹಾಗೆ, ಅಲ್ಲಿಯೂ ಜನ ಗಾಳಿಗೆಂದು ಬಂದು ನಡೆದಾಡುತ್ತಾರೆ.